‘ದಿ ಕ್ಯಾಚರ್ ಇನ್ ದ ರೈ’: ಹೆಸರಿನ ಅರ್ಥವೇನು, ಮಕ್ಕಳ ಮುಗ್ಧತೆಗೂ ಅದಕ್ಕೂ ಏನು ಸಂಬಂಧ? ಪದೇ ಪದೇ ಕೇಳುವ ಪ್ರಶ್ನೆಗಳು

ಜೆ. ಡಿ. ಸ್ಯಾಲಿಂಜರ್ ಬರೆದ ಈ ಕಾದಂಬರಿ 1951ರ ಜುಲೈನಲ್ಲಿ ಅಮೆರಿಕದಲ್ಲಿ ಹೊರಬಂತು. ಪುಸ್ತಕ ಮುಗಿಸಿದವರೂ ಹೆಸರಿನ ಹತ್ತಿರ ಬಂದು ತಡವರಿಸುತ್ತಾರೆ. ಅದಕ್ಕೇ ಈ ಪುಟ. ಕಥೆಯ ಕೊನೆಯವರೆಗೂ ಎಲ್ಲವನ್ನೂ ಇಲ್ಲಿ ಬಿಚ್ಚಿ ಹೇಳಿದ್ದೇನೆ. ಇನ್ನೂ ಓದದೇ ಇರುವವರು ಮೊದಲು ಪುಸ್ತಕ ಓದಿ ಬಂದರೆ ಒಳ್ಳೆಯದು.

ಕಥೆ ಏನು? ಚಿಕ್ಕದಾಗಿ ಹೇಳಿ.

ಹೋಲ್ಡನ್ ಕಾಲ್‌ಫೀಲ್ಡ್‌ಗೆ 16 ವರ್ಷ. ಪೆನ್ಸಿಲ್ವೇನಿಯಾದ ಪೆನ್ಸಿ ಎಂಬ ವಸತಿ ಶಾಲೆಯಲ್ಲಿ ನಾಲ್ಕು ವಿಷಯ ಫೇಲಾಗಿ ಹೊರಬಿದ್ದಿದ್ದಾನೆ. ಕ್ರಿಸ್‌ಮಸ್ ರಜೆಗೆ ಇನ್ನೂ ಕೆಲವು ದಿನ ಇದೆ. ಈಗಲೇ ಮನೆಗೆ ಹೋದರೆ ಅಪ್ಪ ಅಮ್ಮನಿಗೆ ಗೊತ್ತಾಗುತ್ತದೆ. ಹಾಗಾಗಿ ಶನಿವಾರ ರಾತ್ರಿ ಶಾಲೆ ಬಿಟ್ಟು ನ್ಯೂಯಾರ್ಕ್‌ಗೆ ಬಂದು ಹೋಟೆಲ್, ಬಾರ್, ಪಾರ್ಕ್ ಅಂತ ಸುಮ್ನೆ ಅಲೆಯುತ್ತಾನೆ. ನಡುವೆ ಒಂದು ರಾತ್ರಿ ಕಳ್ಳನ ಹಾಗೆ ತನ್ನದೇ ಮನೆಗೆ ನುಗ್ಗಿ 10 ವರ್ಷದ ತಂಗಿ ಫೀಬಿಯನ್ನು ನೋಡುತ್ತಾನೆ. ಇಷ್ಟನ್ನೂ ಅವನು ಮುಂದಿನ ವರ್ಷ, 17ರ ವಯಸ್ಸಿನಲ್ಲಿ, ಚಿಕಿತ್ಸೆಗೆ ಸೇರಿಸಿದ ಜಾಗದಿಂದ ನೆನಪು ಮಾಡಿಕೊಂಡು ಹೇಳುತ್ತಾನೆ.

‘ರೈ’ ಅಂದರೆ ಏನು?

ಒಂದು ಧಾನ್ಯ. ನಮ್ಮ ಮಂಗಳೂರು ಕಡೆಯ ರೈಗಳಿಗೂ ಇದಕ್ಕೂ ಸಂಬಂಧವಿಲ್ಲ! ಇದು ಗೋಧಿಯ ಹತ್ತಿರದ ನೆಂಟ. ಚಳಿ ದೇಶಗಳಲ್ಲಿ ಚೆನ್ನಾಗಿ ಬೆಳೆಯುತ್ತದೆ. ಯುರೋಪಿನ ಕಪ್ಪು ಬ್ರೆಡ್ಡು, ರೈ ವಿಸ್ಕಿ ಎಲ್ಲ ಇದರಿಂದಲೇ. ಪೈರು ಗೋಧಿಗಿಂತ ಎತ್ತರ, ಕೆಲವೊಮ್ಮೆ ಆಳೆತ್ತರ ಬರುತ್ತದೆ. ಈ ಎತ್ತರವನ್ನು ನೆನಪಿಟ್ಟುಕೊಳ್ಳಿ. ಅಂಥ ಹೊಲದೊಳಗೆ ಓಡುವ ಮಗುವಿಗೆ ಮುಂದೆ ಏನಿದೆ ಅಂತ ಕಾಣುವುದಿಲ್ಲ.

‘ಕ್ಯಾಚರ್’ ಅಂದರೆ ಬೇಸ್‌ಬಾಲ್ ಆಟಗಾರನಾ?

ಅಲ್ಲ. ಬೇಸ್‌ಬಾಲ್‌ನಲ್ಲಿ ಬ್ಯಾಟ್ ಮಾಡುವವನ ಹಿಂದೆ, ನಮ್ಮ ವಿಕೆಟ್ ಕೀಪರ್ ಜಾಗದಲ್ಲಿ ಇರುವವನನ್ನು ಕ್ಯಾಚರ್ ಅನ್ನುತ್ತಾರೆ, ನಿಜ. ಪುಸ್ತಕದಲ್ಲಿ ಒಂದು ಬೇಸ್‌ಬಾಲ್ ಗ್ಲೌಸ್ ಕೂಡ ಬರುತ್ತದೆ. ಆದರೆ ಅದು ಕ್ಯಾಚರ್‌ನ ಗ್ಲೌಸ್ ಅಲ್ಲ, ಎಡಗೈಯ ಫೀಲ್ಡರ್‌ನದು. ಹೆಸರಿನಲ್ಲಿರುವ ಕ್ಯಾಚರ್ ಅಂದರೆ ಬೀಳುವವರನ್ನು ಹಿಡಿಯುವವನು. ಅಷ್ಟೇ.

ಈ ಮಾತು ಕಾದಂಬರಿಯಲ್ಲಿ ಎಲ್ಲಿ ಬರುತ್ತದೆ?

ಮುಖ್ಯವಾಗಿ ಎರಡು ಕಡೆ. ಮೊದಲನೆಯದು 16ನೇ ಅಧ್ಯಾಯ. ಭಾನುವಾರ ಹೋಲ್ಡನ್ ಬ್ರಾಡ್‌ವೇ ಕಡೆ ನಡೆದು ಹೋಗುತ್ತಿರುತ್ತಾನೆ. ಮುಂದೆ ಚರ್ಚಿನಿಂದ ಬರುತ್ತಿರುವ ಒಂದು ಕುಟುಂಬ. ಅಪ್ಪ ಅಮ್ಮ ತಮ್ಮ ಮಾತಿನಲ್ಲಿ ಮುಳುಗಿದ್ದಾರೆ. ಆರು ವರ್ಷದ ಹುಡುಗ ಫುಟ್‌ಪಾತ್ ಬಿಟ್ಟು ರಸ್ತೆಗಿಳಿದು, ಅಂಚಿಗೆ ಅಂಟಿಕೊಂಡು ನೇರ ಗೆರೆಯಲ್ಲಿ ನಡೆಯುತ್ತಾ ಹಾಡುತ್ತಿದ್ದಾನೆ. ಹೋಲ್ಡನ್ ಕಿವಿಗೆ ಬೀಳುವ ಸಾಲು ‘ಇಫ್ ಎ ಬಾಡಿ ಕ್ಯಾಚ್ ಎ ಬಾಡಿ ಕಮಿಂಗ್ ಥ್ರೂ ದ ರೈ’, ಅಂದರೆ ರೈ ಹೊಲ ಹಾದು ಬರುವಾಗ ಯಾರೋ ಯಾರನ್ನೋ ಹಿಡಿದರೆ ಅಂತ. ಪಕ್ಕದಲ್ಲೇ ಕಾರುಗಳು ಭರ್ರನೆ ಹೋಗುತ್ತಿವೆ, ಬ್ರೇಕ್ ಕಿರುಚುತ್ತಿದೆ. ಹುಡುಗನಿಗೆ ಅದರ ಪರಿವೆಯೇ ಇಲ್ಲ. ಆ ಹಾಡು ಕೇಳಿ ಹೋಲ್ಡನ್‌ಗೆ ಬೇಜಾರು ಸ್ವಲ್ಪ ಇಳಿಯುತ್ತದೆ.

ಎರಡನೆಯದು 22ನೇ ಅಧ್ಯಾಯ. ಫೀಬಿ ಅವನನ್ನು ‘ನೀನು ಏನಾಗಬೇಕು ಅಂತಿದ್ದೀಯ?’ ಅಂತ ಕೇಳಿದಾಗ ಆ ಹಾಡೇ ಅವನ ಉತ್ತರಕ್ಕೆ ಬರುತ್ತದೆ. ತಮಾಷೆ ಅಂದರೆ, ಅವನು ಹಾಡನ್ನು ತಪ್ಪಾಗಿ ನೆನಪಿಟ್ಟುಕೊಂಡಿದ್ದಾನೆ. 10 ವರ್ಷದ ತಂಗಿ ಅಲ್ಲೇ ತಿದ್ದುತ್ತಾಳೆ. ಅದು ‘ಕ್ಯಾಚ್’ ಅಲ್ಲ, ‘ಮೀಟ್’, ಅದು ರಾಬರ್ಟ್ ಬರ್ನ್ಸ್‌ನ ಕವನ ಅಂತ. ಅಂದರೆ ಇಡೀ ಪುಸ್ತಕದ ಹೆಸರು ನಿಂತಿರುವುದು ಹುಡುಗನೊಬ್ಬ ಮಾಡಿಕೊಂಡ ತಪ್ಪಿನ ಮೇಲೆ.

ಬರ್ನ್ಸ್‌ನ ಹಾಡು ನಿಜವಾಗಿ ಏನು ಹೇಳುತ್ತದೆ?

ರಾಬರ್ಟ್ ಬರ್ನ್ಸ್ 18ನೇ ಶತಮಾನದ ಸ್ಕಾಟ್ಲೆಂಡಿನ ಕವಿ. ಹೊಸ ವರ್ಷದ ರಾತ್ರಿ ಹಾಡುವ ‘ಆಲ್ಡ್ ಲ್ಯಾಂಗ್ ಸೈನ್’ ಕೂಡ ಅವನ ಹೆಸರಿನಲ್ಲೇ ಇದೆ. ‘ಕಮಿನ್ ಥ್ರೋ ದ ರೈ’ ಹಾಡಿನಲ್ಲಿ ಜೆನ್ನಿ ಎಂಬ ಹುಡುಗಿ ಒದ್ದೆ ಲಂಗ ಎಳೆದುಕೊಂಡು ಹೊಲ ಹಾದು ಬರುತ್ತಾಳೆ. ದಾರಿಯಲ್ಲಿ ಯಾರೋ ಯಾರನ್ನೋ ಕಂಡರೆ, ಮುತ್ತು ಕೊಟ್ಟರೆ, ಅದಕ್ಕೆ ಅಳಬೇಕಾ, ಊರಿಗೆಲ್ಲ ಗೊತ್ತಾಗಬೇಕಾ ಅಂತ ಹಾಡು ಕೇಳುತ್ತದೆ. ಇದರ ಪೋಲಿ ಪಾಠಾಂತರಗಳೂ ಇವೆ.

ಈಗ ನೋಡಿ. ಹಾಡು ಇರುವುದು ಗಂಡು ಹೆಣ್ಣು ಹೊಲದಲ್ಲಿ ಸಿಕ್ಕುವ ಬಗ್ಗೆ. ಹೋಲ್ಡನ್ ಅದನ್ನು ಚಿಕ್ಕ ಮಕ್ಕಳನ್ನು ಕಾಪಾಡುವ ಹಾಡಾಗಿ ಮಾಡಿಕೊಂಡಿದ್ದಾನೆ. ಇದು ಸುಮ್ನೆ ಕಿವಿಯ ತಪ್ಪು ಅಂತ ನನಗೆ ಅನಿಸುವುದಿಲ್ಲ. ಕಥೆಯುದ್ದಕ್ಕೂ ಅವನನ್ನು ಹೆದರಿಸುವ ವಿಷಯವೇ ಅದು. ಅವನಿಗೆ ಇಷ್ಟವಾದ ಜೇನ್ ಎಂಬ ಹುಡುಗಿ ರೂಮ್‌ಮೇಟ್ ಜೊತೆ ಸುತ್ತಾಡಲು ಹೋದಳು ಅಂತ ಅವನು ಜಗಳ ತೆಗೆದು ಏಟು ತಿನ್ನುತ್ತಾನೆ. ಅವಳಿಗೆ ಫೋನ್ ಮಾಡಬೇಕು ಅಂತ ಮತ್ತೆ ಮತ್ತೆ ಅಂದುಕೊಳ್ಳುತ್ತಾನೆ, ‘ಮೂಡ್ ಇಲ್ಲ’ ಅಂತ ಬಿಡುತ್ತಾನೆ. ದುಡ್ಡಿಗೆ ಅಂತ ಹೋಟೆಲ್ ರೂಮಿಗೆ ಬಂದ ವೇಶ್ಯೆಯ ಹತ್ತಿರವೂ ಸುಮ್ನೆ ಮಾತಾಡೋಣ ಅನ್ನುತ್ತಾನೆ. ಹಾಡಿನಲ್ಲಿ ‘ಮೀಟ್’ ಇದ್ದ ಜಾಗದಲ್ಲಿ ‘ಕ್ಯಾಚ್’ ಇಟ್ಟದ್ದು ಇಂಥ ಹುಡುಗ.

ಅವನ ಕನಸು ಸರಿಯಾಗಿ ಏನು?

ದೊಡ್ಡ ರೈ ಹೊಲ. ಸಾವಿರಾರು ಚಿಕ್ಕ ಮಕ್ಕಳು ಆಡುತ್ತಿದ್ದಾರೆ. ದೊಡ್ಡವರು ಯಾರೂ ಇಲ್ಲ, ಅವನೊಬ್ಬನೇ. ಹೊಲದ ಅಂಚಿನಲ್ಲಿ ಕಡಿದಾದ ಪ್ರಪಾತ. ಮಕ್ಕಳು ಎಲ್ಲಿಗೆ ಹೋಗುತ್ತಿದ್ದೇವೆ ಅಂತ ನೋಡದೆ ಓಡಿ ಬಂದರೆ, ಇವನು ಎಲ್ಲಿಂದಲೋ ಹಾರಿ ಬಂದು ಹಿಡಿಯಬೇಕು. ದಿನವಿಡೀ ಅದೊಂದೇ ಕೆಲಸ.

ಇದನ್ನು ಕೇಳಿ ಫೀಬಿ ಕರಗಿ ಹೋಗುತ್ತಾಳೆ ಅಂದುಕೊಂಡಿರಾ? ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಪ್ಪ ನಿನ್ನನ್ನು ಕೊಂದೇ ಹಾಕ್ತಾರೆ’ ಎನ್ನುವ ಅರ್ಥದ ಮಾತಾಡುತ್ತಾಳೆ. ಶೀರ್ಷಿಕೆಯ ಬಗ್ಗೆ ಬರೆಯುವವರು ಕನಸನ್ನು ಎತ್ತಿಕೊಂಡು ಈ ಉತ್ತರವನ್ನು ಬಿಟ್ಟುಬಿಡುತ್ತಾರೆ. ನನಗೆ ಎರಡೂ ಬೇಕು.

ಅಷ್ಟೊಂದು ಕೆಲಸಗಳಿರುವಾಗ ಇವನಿಗೆ ಈ ಕೆಲಸವೇ ಯಾಕೆ ಬೇಕು?

ಉತ್ತರ ಆ ಅಧ್ಯಾಯದಲ್ಲೇ ಇದೆ, ಕನಸಿಗಿಂತ ಎರಡು ಮೂರು ಪುಟ ಹಿಂದೆ. ಫೀಬಿ ಮೊದಲು ಬೇರೆ ಪ್ರಶ್ನೆ ಕೇಳಿರುತ್ತಾಳೆ. ‘ನಿನಗೆ ಏನೂ ಇಷ್ಟವಾಗಲ್ಲ, ಇಷ್ಟವಾದ ಒಂದೇ ಒಂದು ಹೇಳು ನೋಡೋಣ’ ಅಂತ. ಹೋಲ್ಡನ್ ತಲೆಗೆ ಬರುವುದು ತಾನು ಸ್ಟೇಷನ್ನಿನಲ್ಲಿ ಕಂಡ ಇಬ್ಬರು ನನ್‌ಗಳು, ಆಮೇಲೆ ಜೇಮ್ಸ್ ಕಾಸಲ್ ಎಂಬ ಹುಡುಗ. ಜೇಮ್ಸ್ ಹಿಂದಿನ ಶಾಲೆಯವನು, ತೆಳ್ಳಗಿನ ಮೈಯವನು. ಒಬ್ಬನ ಬಗ್ಗೆ ಆಡಿದ ಮಾತನ್ನು ವಾಪಸ್ ತಗೋ ಅಂತ ಕೆಲವರು ಅವನನ್ನು ರೂಮಿನಲ್ಲಿ ಕೂಡಿಹಾಕಿ ಹಿಂಸೆ ಕೊಡುತ್ತಾರೆ. ಅವನು ಮಾತು ವಾಪಸ್ ತೆಗೆದುಕೊಳ್ಳದೆ ಕಿಟಕಿಯಿಂದ ಹಾರಿ ಸಾಯುತ್ತಾನೆ. ಆಗ ಅವನ ಮೈಮೇಲೆ ಇದ್ದದ್ದು ಹೋಲ್ಡನ್ ಕೊಟ್ಟಿದ್ದ ಸ್ವೆಟರ್.

ಆಮೇಲೆ ಅವನು ಬಾಯಿ ಬಿಟ್ಟು ಹೇಳುವ ಹೆಸರು ಆಲಿ. ಹೋಲ್ಡನ್‌ಗಿಂತ ಎರಡು ವರ್ಷ ಚಿಕ್ಕ ತಮ್ಮ, ರಕ್ತದ ಕ್ಯಾನ್ಸರ್‌ನಿಂದ ತೀರಿಹೋದವನು. ಮೇಲೆ ಹೇಳಿದ ಎಡಗೈ ಗ್ಲೌಸ್ ಅವನದೇ. ಮೈದಾನದಲ್ಲಿ ಬ್ಯಾಟಿಂಗ್‌ಗೆ ಯಾರೂ ಇಲ್ಲದಾಗ ಓದಿಕೊಳ್ಳಲು ಅದರ ತುಂಬಾ ಹಸಿರು ಶಾಯಿಯಲ್ಲಿ ಕವನ ಬರೆದುಕೊಂಡಿದ್ದ. ಅವನು ಸತ್ತ ರಾತ್ರಿ 13 ವರ್ಷದ ಹೋಲ್ಡನ್ ಗ್ಯಾರೇಜಿನ ಕಿಟಕಿ ಗಾಜನ್ನೆಲ್ಲ ಬರಿಗೈಯಲ್ಲಿ ಗುದ್ದಿ ಒಡೆದಿದ್ದ.

ಈಗ ಸಾಲು ಜೋಡಿಸಿ: ಕಿಟಕಿಯಿಂದ ಬಿದ್ದ ಹುಡುಗ, ಸತ್ತ ತಮ್ಮ, ಆಮೇಲೆ ಪ್ರಪಾತದ ಅಂಚಿನಲ್ಲಿ ಮಕ್ಕಳನ್ನು ಹಿಡಿಯುವ ಕನಸು. ‘ಹೋಲ್ಡನ್ ಮುಗ್ಧತೆಯ ರಕ್ಷಕ’ ಅಂತ ಎಲ್ಲ ಗೈಡುಗಳಲ್ಲೂ ಬರೆದಿರುತ್ತದೆ. ತಪ್ಪಲ್ಲ, ಆದರೆ ತುಂಬಾ ತೆಳು. ಮುಗ್ಧತೆ ಅನ್ನುವುದು ಅವನಿಗೆ ಒಂದು ವಿಚಾರ ಆಗುವ ಮೊದಲು ಇಬ್ಬರು ಹುಡುಗರ ಮುಖ ಆಗಿತ್ತು. ಇಬ್ಬರನ್ನೂ ಹಿಡಿಯಲು ಆಗಲಿಲ್ಲ.

ಪ್ರಪಾತ ಅಂದರೆ ದೊಡ್ಡವರಾಗುವುದಾ?

ಹೌದು, ಸಾಮಾನ್ಯವಾಗಿ ಹಾಗೇ ಓದುತ್ತಾರೆ. ಹೋಲ್ಡನ್ ಕಣ್ಣಿಗೆ ದೊಡ್ಡವರೆಲ್ಲ ಢೋಂಗಿಗಳು. ದೊಡ್ಡವರಾಗುವುದು ಅಂದರೆ ಅಲ್ಲಿಗೆ ಬೀಳುವುದು. ಆದರೆ ಮೇಲಿನ ಉತ್ತರ ಒಪ್ಪುವುದಾದರೆ ಪ್ರಪಾತಕ್ಕೆ ಸಾವು ಅನ್ನುವ ಅರ್ಥವೂ ಇದೆ. ಅವನ ತಲೆಯಲ್ಲಿ ಎರಡೂ ಕಲಸಿಹೋಗಿವೆ. ದೊಡ್ಡವನಾಗದೆ ಉಳಿದವನು ಅವನಿಗೆ ಗೊತ್ತಿರುವ ಹಾಗೆ ಒಬ್ಬನೇ, ಆಲಿ.

ಹಾಗಾದರೆ ಹೋಲ್ಡನ್ ಮುಗ್ಧನಾ?

ಅಯ್ಯೋ, ಅಲ್ಲ. ಬಾಯಿ ಬಿಟ್ಟರೆ ಸುಳ್ಳು, ಅದನ್ನು ಅವನೇ ಒಪ್ಪಿಕೊಳ್ಳುತ್ತಾನೆ. ಸಿಗರೇಟು ಜಾಸ್ತಿ, ವಯಸ್ಸು ಮುಚ್ಚಿಟ್ಟು ಕುಡಿಯುವ ಪ್ರಯತ್ನ ಬೇರೆ. ಎತ್ತರ ಆರಡಿ ಮೀರಿದೆ, ತಲೆಯ ಒಂದು ಕಡೆ ಕೂದಲು ಬೆಳ್ಳಗಾಗಿದೆ. ಮನಸ್ಸು ಮಾತ್ರ ಎಷ್ಟೋ ಸಲ ಹನ್ನೆರಡರಲ್ಲೇ ನಿಂತಿದೆ.

ಮ್ಯೂಸಿಯಂ, ಬಾತುಕೋಳಿಗಳ ಮಾತು ಪದೇ ಪದೇ ಯಾಕೆ?

ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿ ಅವನಿಗೆ ಇಷ್ಟ. ಗಾಜಿನ ಪೆಟ್ಟಿಗೆಯೊಳಗೆ ಎಲ್ಲವೂ ಇದ್ದ ಹಾಗೇ ಇರುತ್ತದೆ, ಬದಲಾಗುವುದು ನೋಡಲು ಹೋದ ನೀವು ಮಾತ್ರ. ಕೆಲವನ್ನು ಹಾಗೇ ಗಾಜಿನೊಳಗೆ ಇಟ್ಟುಬಿಡಬೇಕು ಅನ್ನುತ್ತಾನೆ. ಆದರೆ ಅಷ್ಟು ದೂರ ನಡೆದು ಬಾಗಿಲವರೆಗೆ ಬಂದವನು ಅವತ್ತು ಒಳಗೆ ಹೋಗುವುದಿಲ್ಲ. ಸೆಂಟ್ರಲ್ ಪಾರ್ಕಿನ ಕೊಳ ಹೆಪ್ಪುಗಟ್ಟಿದಾಗ ಬಾತುಕೋಳಿಗಳು ಎಲ್ಲಿಗೆ ಹೋಗುತ್ತವೆ ಅನ್ನುವುದೂ ಇದೇ ಜಾತಿಯ ಪ್ರಶ್ನೆ. ಯಾರಾದರೂ ಲಾರಿ ತಂದು ಅವನ್ನು ಕರೆದೊಯ್ಯುತ್ತಾರಾ ಅಂತ ಅವನಿಗೆ ಅನುಮಾನ. ಟ್ಯಾಕ್ಸಿ ಡ್ರೈವರ್‌ಗಳು ಇದನ್ನು ಕೇಳಿ ರೇಗುತ್ತಾರೆ.

ಗೋಡೆ ಮೇಲಿನ ಬೈಗುಳದ ಪ್ರಸಂಗ ಏನು?

25ನೇ ಅಧ್ಯಾಯ. ಫೀಬಿಯ ಶಾಲೆಯ ಗೋಡೆಯಲ್ಲಿ ಯಾರೋ ಒಂದು ಕೆಟ್ಟ ಬೈಗುಳ ಬರೆದಿರುತ್ತಾರೆ. ಚಿಕ್ಕ ಮಕ್ಕಳು ಅದನ್ನು ನೋಡಿ ಅರ್ಥ ಏನು ಅಂತ ತಲೆ ಕೆಡಿಸಿಕೊಳ್ಳುತ್ತಾರೆ, ಕೊನೆಗೆ ಯಾರೋ ಕೊಳಕು ಹುಡುಗ ಅರ್ಥ ಹೇಳಿಕೊಡುತ್ತಾನೆ ಅಂತ ಹೋಲ್ಡನ್‌ಗೆ ಸಿಟ್ಟು. ಕೈಯಿಂದ ಉಜ್ಜಿ ಅಳಿಸುತ್ತಾನೆ. ಬೇರೆ ಮೆಟ್ಟಿಲ ಹತ್ತಿರ ಮತ್ತೊಂದು ಕಾಣುತ್ತದೆ. ಅದನ್ನು ಚಾಕುವಿನಿಂದ ಕೆತ್ತಿದ್ದಾರೆ, ಉಜ್ಜಿದರೆ ಹೋಗುವುದಿಲ್ಲ. ಆಮೇಲೆ ಹೋದ ಇನ್ನೊಂದು ಮ್ಯೂಸಿಯಂನ, ಕಲಾ ಮ್ಯೂಸಿಯಂನ, ಮಮ್ಮಿ ಇಟ್ಟ ಕೋಣೆಯಲ್ಲಿ ಮೂರನೆಯದು. ಹತ್ತು ಲಕ್ಷ ವರ್ಷ ಕೊಟ್ಟರೂ ಅರ್ಧದಷ್ಟೂ ಅಳಿಸಲು ಆಗುವುದಿಲ್ಲ ಅಂತ ಅವನಿಗೇ ಗೊತ್ತಾಗುತ್ತದೆ. ಹಿಡಿಯುವವನ ಕೆಲಸಕ್ಕೆ ಸೇರಿದ ಮೊದಲ ದಿನವೇ ಸೋಲು ಅಂದ ಹಾಗೆ.

ಕಾದಂಬರಿಯ ಮಕ್ಕಳಿಗೆ ನಿಜವಾಗಿಯೂ ರಕ್ಷಣೆ ಬೇಕಾ?

ಇದು ನನ್ನ ಮೆಚ್ಚಿನ ಪ್ರಶ್ನೆ. ಒಬ್ಬೊಬ್ಬರನ್ನೇ ನೋಡಿ. ಪಾರ್ಕಿನಲ್ಲಿ ಒಬ್ಬ ಹುಡುಗಿಗೆ ಹೋಲ್ಡನ್ ಸ್ಕೇಟ್ ಬಿಗಿ ಮಾಡಿಕೊಡುತ್ತಾನೆ, ಬಿಸಿ ಚಾಕೊಲೇಟ್ ಕುಡಿಯೋಣ ಬಾ ಅಂತ ಕರೆಯುತ್ತಾನೆ. ಅವಳು ಥ್ಯಾಂಕ್ಸ್ ಹೇಳಿ, ಫ್ರೆಂಡ್ ಕಾಯುತ್ತಿದ್ದಾಳೆ ಅಂತ ಹೊರಟೇ ಹೋಗುತ್ತಾಳೆ. ರಸ್ತೆ ಅಂಚಿನಲ್ಲಿ ಹಾಡುತ್ತಿದ್ದ ಆ ಹುಡುಗನಿಗೂ ಏನೂ ಆಗುವುದಿಲ್ಲ.

ಫೀಬಿಯಂತೂ ಇನ್ನೂ ಗಟ್ಟಿ. ಅಮ್ಮ ರೂಮಿಗೆ ಬಂದು ಸಿಗರೇಟು ವಾಸನೆ ಹಿಡಿದಾಗ, ತಾನೇ ಒಂದು ಸಲ ಎಳೆದೆ ಅಂತ ಸುಳ್ಳು ಹೇಳಿ ಅಣ್ಣನನ್ನು ಉಳಿಸುತ್ತಾಳೆ. ಆಗ ಹೋಲ್ಡನ್ ಬಟ್ಟೆ ಬೀರುವಿನಲ್ಲಿ ಅಡಗಿ ನಿಂತಿರುತ್ತಾನೆ! ಆಮೇಲೆ ಕ್ರಿಸ್‌ಮಸ್‌ಗೆ ಅಂತ ಕೂಡಿಟ್ಟಿದ್ದ 8 ಡಾಲರ್ 65 ಸೆಂಟ್ ಪೂರ್ತಿ ಅವನ ಕೈಗೆ ಕೊಡುತ್ತಾಳೆ. ಅಲ್ಲಿಯವರೆಗೆ ತಡೆದುಕೊಂಡಿದ್ದವನು ಅಳಲು ಶುರು ಮಾಡುತ್ತಾನೆ.

ಇಲ್ಲಿ ಯಾರು ಯಾರನ್ನು ಹಿಡಿಯುತ್ತಿದ್ದಾರೆ? ಮರುದಿನ ಫಿಫ್ತ್ ಅವೆನ್ಯೂನಲ್ಲಿ ಹೋಲ್ಡನ್‌ಗೆ ವಿಚಿತ್ರ ಭಯ ಹತ್ತುತ್ತದೆ. ಫುಟ್‌ಪಾತ್‌ನಿಂದ ಇಳಿದರೆ ಆಚೆ ಬದಿ ತಲುಪುವುದೇ ಇಲ್ಲ, ಕೆಳಗೆ ಕೆಳಗೆ ಹೋಗಿ ಮಾಯವಾಗುತ್ತೇನೆ ಅಂತ. ಪ್ರತಿ ಸಲ ರಸ್ತೆ ದಾಟುವಾಗ ಸತ್ತ ತಮ್ಮನ ಹೆಸರು ಹಿಡಿದು, ನನ್ನನ್ನು ಮಾಯವಾಗಲು ಬಿಡಬೇಡ ಅಂತ ಬೇಡಿಕೊಳ್ಳುತ್ತಾನೆ. ರೈ ಹೊಲದಲ್ಲಿ ಬೀಳುತ್ತಿರುವುದು ಅವನೇ. ಹಿಡಿಯುವವರು ಬೇಕಿದ್ದದ್ದೂ ಅವನಿಗೇ.

ಆಂಟೊಲಿನಿ ಮೇಷ್ಟ್ರು ಹೇಳುವ ‘ಬೀಳುವಿಕೆ’ಗೂ ಇದಕ್ಕೂ ಸಂಬಂಧ ಇದೆಯಾ?

ಇದೆ. ಆಂಟೊಲಿನಿ ಹೋಲ್ಡನ್‌ನ ಹಳೆಯ ಇಂಗ್ಲಿಷ್ ಮೇಷ್ಟ್ರು. ಫೀಬಿಯನ್ನು ನೋಡಿ ಮನೆಯಿಂದ ಹೊರಟ ರಾತ್ರಿ ಅವನು ಮಲಗಲು ಹೋಗುವುದು ಅವರ ಮನೆಗೆ. ನೀನು ಭಯಂಕರವಾಗಿ ಬೀಳುವ ದಾರಿಯಲ್ಲಿದ್ದೀಯ, ಇಂಥ ಬೀಳುವಿಕೆಯಲ್ಲಿ ತಳ ಮುಟ್ಟಿದ್ದೂ ಗೊತ್ತಾಗುವುದಿಲ್ಲ ಎಂಬ ಎಚ್ಚರಿಕೆ ಅವರದು. ಜೇಮ್ಸ್ ಕಾಸಲ್ ಬಿದ್ದಾಗ ಹತ್ತಿರ ಹೋಗಿ, ಕೋಟು ಹೊದಿಸಿ, ಎತ್ತಿಕೊಂಡು ಹೋದವರೂ ಇವರೇ. ಅದೇ ರಾತ್ರಿ ಮಲಗಿದ್ದ ಹೋಲ್ಡನ್‌ನ ತಲೆ ಸವರುತ್ತಾರೆ, ಅವನು ಹೆದರಿ ಓಡುತ್ತಾನೆ. ಅವರ ಉದ್ದೇಶ ಏನಿತ್ತು ಅಂತ ಪುಸ್ತಕ ಬಿಡಿಸಿ ಹೇಳುವುದಿಲ್ಲ.

ಕೊನೆಯಲ್ಲಿ ಅವನು ಕನಸು ಬಿಡುತ್ತಾನಾ?

ಬಿಡುತ್ತಾನೆ ಅಂತಲೇ ನನ್ನ ಓದು. ಹೋಲ್ಡನ್ ಪಶ್ಚಿಮದ ಕಡೆ ಓಡಿಹೋಗಲು ಹೊರಟಿರುತ್ತಾನೆ. ಫೀಬಿ ಅವನ ಕೆಂಪು ಬೇಟೆ ಟೋಪಿ ಹಾಕಿಕೊಂಡು, ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ನಾನೂ ಬರ್ತೀನಿ ಅಂತ ಬರುತ್ತಾಳೆ. ಅವನು ಗದರುತ್ತಾನೆ, ಅವಳು ಮುನಿಸಿಕೊಳ್ಳುತ್ತಾಳೆ. ಕೊನೆಗೆ ಇಬ್ಬರೂ ಸೆಂಟ್ರಲ್ ಪಾರ್ಕಿನ ಕ್ಯಾರೊಸೆಲ್ ಹತ್ತಿರ ಬರುತ್ತಾರೆ. ಜಾತ್ರೆಯಲ್ಲಿ ಸುತ್ತುವ ಮರದ ಕುದುರೆಗಳಿರುತ್ತವಲ್ಲ, ಅದೇ.

ಹಳೆಯ ಕ್ಯಾರೊಸೆಲ್‌ಗಳಲ್ಲಿ ಪಕ್ಕಕ್ಕೆ ಉಂಗುರಗಳನ್ನು ಇಟ್ಟಿರುತ್ತಿದ್ದರು. ಸುತ್ತುವಾಗ ಬಾಗಿ ಕಿತ್ತುಕೊಳ್ಳಬೇಕು. ಬಂಗಾರ ಬಣ್ಣದ್ದು ಸಿಕ್ಕರೆ ಇನ್ನೊಂದು ಸುತ್ತು ಪುಕ್ಕಟೆ. ಫೀಬಿಯೂ ಬಾಗಿ ಕೈ ಚಾಚುತ್ತಾಳೆ. ಬೀಳುತ್ತಾಳೇನೋ ಅಂತ ಹೋಲ್ಡನ್‌ಗೆ ಭಯ. ಆದರೆ ಅವನು ಏನೂ ಹೇಳುವುದಿಲ್ಲ, ಏನೂ ಮಾಡುವುದಿಲ್ಲ. ಮಕ್ಕಳು ಉಂಗುರ ಹಿಡಿಯಬೇಕು ಅಂದರೆ ಹಿಡಿಯಲು ಬಿಡಬೇಕು, ಬಿದ್ದರೆ ಬಿದ್ದರು, ಅಡ್ಡ ಮಾತಾಡುವುದು ಸರಿಯಲ್ಲ ಅಂದುಕೊಳ್ಳುತ್ತಾನೆ. ಮೂರು ಅಧ್ಯಾಯಗಳ ಹಿಂದೆ ಪ್ರಪಾತದ ಅಂಚಿನಲ್ಲಿ ಕಾವಲು ನಿಲ್ಲುತ್ತೇನೆ ಅಂದಿದ್ದವನು ಈಗ ಬೆಂಚಿನ ಮೇಲೆ ಕೂತು ಮಳೆಯಲ್ಲಿ ನೆನೆಯುತ್ತಾನೆ. ಖುಷಿಯಿಂದ ಅಳುವ ಹಾಗಾಗುತ್ತದೆ, ಯಾಕೆ ಅಂತ ಅವನಿಗೇ ಗೊತ್ತಿಲ್ಲ. ಅಂದರೆ ಪುಸ್ತಕದ ಹೆಸರು ಹೋಲ್ಡನ್‌ನ ಪರಿಚಯ ಅಲ್ಲ. ಅವನು ಕೈಬಿಟ್ಟ ಕೆಲಸದ ಹೆಸರು ಅದು.

ಇದನ್ನು ಒಪ್ಪದವರೂ ಇದ್ದಾರೆ. ಅವನು ಆಮೇಲೆ ಚಿಕಿತ್ಸೆಗೆ ಸೇರಿದ್ದಾನೆ, ಹಾಗಾಗಿ ಅಲ್ಲಿ ಸಿಕ್ಕ ನೆಮ್ಮದಿ ಉಳಿಯಲಿಲ್ಲ ಅನ್ನುತ್ತಾರೆ. ಆ ವಾದವನ್ನು ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ.

ಲೇಖಕನ ಯುದ್ಧದ ಅನುಭವ ಇದರಲ್ಲಿ ಇದೆಯಾ?

ಪುಸ್ತಕದಲ್ಲಿ ಯುದ್ಧ ನೇರವಾಗಿ ಇಲ್ಲ. ಆದರೆ ಸ್ಯಾಲಿಂಜರ್ 1944ರ ಜೂನ್ 6ರಂದು ನಾರ್ಮಂಡಿಯ ಯೂಟಾ ಬೀಚ್‌ನಲ್ಲಿ ಇಳಿದ ಸೈನಿಕ. ಯುದ್ಧ ಮುಗಿದ ಮೇಲೆ ಮಾನಸಿಕ ಬಳಲಿಕೆಯಿಂದ ಜರ್ಮನಿಯಲ್ಲಿ ಆಸ್ಪತ್ರೆ ಸೇರಿದ್ದರು. 1944ರಲ್ಲೇ ಬಂದ ಅವರ ಒಂದು ಸಣ್ಣಕಥೆಯಲ್ಲಿ ಹೋಲ್ಡನ್ ಎಂಬ ಹೆಸರಿನ ಹುಡುಗ ಬರುತ್ತಾನೆ. ಇಪ್ಪತ್ತು ತುಂಬುವ ಮೊದಲೇ ಯುದ್ಧದಲ್ಲಿ ಕಾಣೆಯಾದವನು ಅಂತ ಅವನ ಅಣ್ಣ ಹೇಳುತ್ತಾನೆ. ಅದು ಗೊತ್ತಾದ ಮೇಲೆ ಮಾಯವಾಗುವ ಭಯದ ಪುಟಗಳನ್ನು ನಾನು ಬೇರೆ ಥರ ಓದುತ್ತೇನೆ.

ಸ್ಯಾಲಿಂಜರ್‌ಗೆ ವೇದಾಂತದ ಒಲವಿತ್ತಂತೆ. ಶೀರ್ಷಿಕೆಯಲ್ಲಿ ಅದೂ ಇದೆಯಾ?

ಒಲವಿದ್ದದ್ದು ನಿಜ. ನ್ಯೂಯಾರ್ಕಿನ ರಾಮಕೃಷ್ಣ ವಿವೇಕಾನಂದ ಕೇಂದ್ರದ ಸ್ವಾಮಿ ನಿಖಿಲಾನಂದರ ಒಡನಾಟ ಅವರಿಗಿತ್ತು. ಅದರ ಗುರುತು ಕಾಣುವುದು ನಂತರದ ಬರಹಗಳಲ್ಲಿ. 1953ರ ‘ಟೆಡ್ಡಿ’ ಕಥೆಯ ಹುಡುಗ ಪುನರ್ಜನ್ಮದ ಮಾತಾಡುತ್ತಾನೆ. ಈ ಕಾದಂಬರಿಯ ರೈ ಹೊಲಕ್ಕೆ ಉಪನಿಷತ್ತನ್ನು ಎಳೆದು ತರುವುದು ಸ್ವಲ್ಪ ಅತಿಯಾಯಿತು.

ಮಕ್ಕಳ ಮುಗ್ಧತೆಯ ಬಗ್ಗೆ ಇರುವ ಪುಸ್ತಕವನ್ನು ಶಾಲೆಗಳಲ್ಲಿ ಯಾಕೆ ತಡೆದರು?

ಬೈಗುಳ, ಕುಡಿತ, ಲೈಂಗಿಕ ವಿಷಯ. 1960ರಲ್ಲಿ ಒಕ್ಲಹೋಮಾದ ಟಲ್ಸಾದಲ್ಲಿ 11ನೇ ತರಗತಿಗೆ ಇದನ್ನು ಓದಿಸಿದ ಶಿಕ್ಷಕರೊಬ್ಬರ ಕೆಲಸ ಹೋಯಿತು. ಆಮೇಲೆ ವಾಪಸ್ ತೆಗೆದುಕೊಂಡರು, ಪುಸ್ತಕವನ್ನು ಮಾತ್ರ ತೆಗೆದುಹಾಕಿದರು. ಹೋಲ್ಡನ್ ಗೋಡೆ ಉಜ್ಜಿದ ಪುಟವನ್ನೇ ಉಜ್ಜಿಹಾಕಲು ಹೊರಟವರು ಇವರು! ನನ್ನನ್ನು ಕೇಳಿದರೆ 15–16ರ ಮೇಲೆ ಓದಲು ಏನೂ ತೊಂದರೆ ಇಲ್ಲ.

ಪರೀಕ್ಷೆಯಲ್ಲಿ ಶೀರ್ಷಿಕೆಯ ಔಚಿತ್ಯ ಕೇಳಿದರೆ ಏನು ಬರೆಯಲಿ?

ಕನಸಿನಲ್ಲೇ ನಿಲ್ಲಿಸಬೇಡಿ, ಹೆಚ್ಚಿನವರು ಅಲ್ಲಿಗೇ ಮುಗಿಸುತ್ತಾರೆ. 16ನೇ ಅಧ್ಯಾಯದ ಹುಡುಗ, 22ರ ತಪ್ಪು ನೆನಪು ಮತ್ತು ಫೀಬಿಯ ತಿದ್ದುಪಡಿ, ಆಲಿ ಮತ್ತು ಜೇಮ್ಸ್, 25ರ ಕ್ಯಾರೊಸೆಲ್. ಈ ಕ್ರಮದಲ್ಲಿ ಬರೆದರೆ ಕನಸು ಹುಟ್ಟಿದ್ದೂ ಕಳಚಿದ್ದೂ ಎರಡೂ ಬರುತ್ತವೆ.

ಸಿನಿಮಾ ಅಥವಾ ಎರಡನೇ ಭಾಗ ಇದೆಯಾ?

ಸಿನಿಮಾ ಇಲ್ಲ. 1949ರಲ್ಲಿ ತಮ್ಮ ಒಂದು ಸಣ್ಣಕಥೆ ‘ಮೈ ಫೂಲಿಶ್ ಹಾರ್ಟ್’ ಎಂಬ ಸಿನಿಮಾ ಆದದ್ದು ಸ್ಯಾಲಿಂಜರ್‌ಗೆ ಹಿಡಿಸಲಿಲ್ಲ. ಆಮೇಲೆ ಈ ಕಾದಂಬರಿಯ ಹಕ್ಕನ್ನು ಅವರು ಯಾರಿಗೂ ಕೊಡಲಿಲ್ಲ. ಎರಡನೇ ಭಾಗವನ್ನೂ ಬರೆಯಲಿಲ್ಲ. 2009ರಲ್ಲಿ ಸ್ವೀಡನ್ನಿನ ಲೇಖಕರೊಬ್ಬರು 76 ವರ್ಷದ ಮುದುಕ ಹೋಲ್ಡನ್‌ನನ್ನು ಇಟ್ಟುಕೊಂಡು ಪುಸ್ತಕ ಬರೆದರು. ಸ್ಯಾಲಿಂಜರ್ ಕೋರ್ಟಿಗೆ ಹೋದರು. ನ್ಯಾಯಾಲಯ ಅಮೆರಿಕದಲ್ಲಿ ಅದರ ಪ್ರಕಟಣೆಯನ್ನು ತಡೆಯಿತು. 2010ರ ಜನವರಿಯಲ್ಲಿ ಸ್ಯಾಲಿಂಜರ್ ತೀರಿಕೊಂಡರು, 2011ರಲ್ಲಿ ಎರಡೂ ಕಡೆಯವರು ರಾಜಿಯಾದರು. ಹಕ್ಕುಸ್ವಾಮ್ಯ ಮುಗಿಯುವವರೆಗೂ ಆ ಪುಸ್ತಕವನ್ನು ಅಮೆರಿಕ ಮತ್ತು ಕೆನಡಾದಲ್ಲಿ ಪ್ರಕಟಿಸುವ ಹಾಗಿಲ್ಲ.